ಲೀಲಾವತಿ ಮತ್ತು ಕಂಪನಿಯ ಪಾಠ

‘ಕಂಪನಿ ನಾಟಕದ ನಟನೆ’ ಎನ್ನುವುದು ನಮ್ಮಲ್ಲಿ ಬೈಗುಳವಾಗಿ ಬಹಳ ಕಾಲವಾಯಿತು. ದನಿ ಸ್ವಲ್ಪ ಏರಿದರೆ, ಕಣ್ಣೀರು ಬೇಗ ಬಂದರೆ ಈ ಮಾತು ಬಂದೇಬಿಡುತ್ತದೆ. ಹಾಗೆ ಅನ್ನುವವರು ನಟಿ ಎಂ. ಲೀಲಾವತಿಯವರನ್ನು ಮನಸ್ಸಿಟ್ಟು ನೋಡಿಲ್ಲ ಎಂದೇ ನನಗನ್ನಿಸುತ್ತದೆ.

ಬೆಳ್ತಂಗಡಿ ಕಡೆಯ ಹುಡುಗಿ ಮೈಸೂರಿಗೆ ಬಂದು ಮಹಾಲಿಂಗ ಭಾಗವತರ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ಸೇರಿದರು. ಕಂಪನಿಯ ಕಲಿಕೆಯೆಂದರೆ ಮೊದಲು ಕಂಠದ ಕಲಿಕೆ. ಮಾತಿನ ಕೊನೆಯ ಅಕ್ಷರ ಹಿಂದಿನ ಸಾಲಿನವನಿಗೂ ಕೇಳಬೇಕು. ಹಾರ್ಮೋನಿಯಂ ನಿಂತ ಮೇಲೂ ಮಾತಿನಲ್ಲಿ ಶ್ರುತಿ ಉಳಿಯಬೇಕು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು ಪಾಠವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಎದುರಿನ ಪಾತ್ರ ಮಾತಾಡುವಾಗ ನಿಲ್ಲುವ ರೀತಿ. ರಂಗದ ಮೇಲೆ ಯಾರನ್ನೂ ಚೌಕಟ್ಟಿನಿಂದ ಆಚೆ ಇಡಲಾಗದು. ನೋಡುವವನ ಕಣ್ಣು ಯಾವ ಗಳಿಗೆಯಲ್ಲಿ ಯಾರ ಮೇಲೆ ಬೀಳುತ್ತದೋ ಗೊತ್ತಿಲ್ಲ, ಆದ್ದರಿಂದ ಸುಮ್ಮನಿರುವಾಗಲೂ ಪಾತ್ರವಾಗಿಯೇ ಇರಬೇಕು.

ಅಲ್ಲಿಂದ ಸಿನಿಮಾಕ್ಕೆ ಬಂದು, 1958ರ ‘ಮಾಂಗಲ್ಯ ಯೋಗ’ದಲ್ಲಿ ಅವರು ನಾಯಕಿಯಾದರು. 1960ರಲ್ಲಿ ‘ರಣಧೀರ ಕಂಠೀರವ’, ಮರುವರ್ಷ ‘ಕಣ್ತೆರೆದು ನೋಡು’, ಆಮೇಲೆ ‘ಗಾಳಿಗೋಪುರ’, ‘ಕುಲವಧು’. ಎದುರಿಗಿದ್ದ ರಾಜಕುಮಾರ್ ಕೂಡ ಕಂಪನಿಯಲ್ಲಿ ಪಳಗಿದವರೇ. ಅವರಿಬ್ಬರ ಮಾತುಕತೆಯಲ್ಲಿ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಹಿಡಿಯುವುದು ಕಾಣುತ್ತದೆ. ಇದು ರಾತ್ರಿ ರಾತ್ರಿ ಬಣ್ಣ ಹಚ್ಚಿದವರಿಗಷ್ಟೇ ಬರುವ ವಿದ್ಯೆ.

1969ರ ‘ಗೆಜ್ಜೆಪೂಜೆ’ಯಲ್ಲಿ ಕಲ್ಪನಾ ಅವರ ಚಂದ್ರಾಳನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಬೇಕು. ಆದರೆ ಲೀಲಾವತಿಯವರು ಮಾಡಿದ ತಾಯಿ ಅಪರ್ಣೆಯಿಲ್ಲದೆ ಚಂದ್ರಾ ಎಲ್ಲಿ? ತಾನು ಸಿಕ್ಕಿಬಿದ್ದ ಬಲೆಗೇ ಮಗಳೂ ಬೀಳುವುದನ್ನು ನೋಡಬೇಕಾದ ಹೆಣ್ಣು ಅವಳು. ನಿರ್ದೇಶಕ ಪುಟ್ಟಣ್ಣ ಕಣಗಾಲರ ಕ್ಯಾಮೆರಾ ತೀರಾ ಹತ್ತಿರ ಬರುತ್ತದೆ. ಕಂಪನಿಯಲ್ಲಿ ಕಲಿತ ಆ ‘ನಿಲ್ಲುವ’ ವಿದ್ಯೆ ಅಲ್ಲಿ ಬೆಲೆ ಬಾಳುತ್ತದೆ. ಪೋಷಕ ನಟಿಯ ರಾಜ್ಯ ಪ್ರಶಸ್ತಿ ಅವರಿಗೆ ಬಂದದ್ದು ಈ ಪಾತ್ರಕ್ಕೆ.

ಈ ಪರಂಪರೆಯ ಕೊರತೆಯನ್ನೂ ಹೇಳಬೇಕು. ಕಂಪನಿಯಲ್ಲಿ ಹೆಣ್ಣಿನ ಪಾತ್ರಗಳು ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದವು: ಪತಿವ್ರತೆ, ಸಖಿ, ಗಯ್ಯಾಳಿ, ತಾಯಿ. ಸಿನಿಮಾ ಆ ಅಚ್ಚನ್ನು ಹಾಗೇ ಎತ್ತಿಕೊಂಡು ಬಂತು. 1974ರ ‘ಭಕ್ತ ಕುಂಬಾರ’ದಲ್ಲಿ ರಾಜಕುಮಾರ್ ಅವರಿಗೆ ಹೆಂಡತಿಯಾಗಿದ್ದವರು 1976ರ ‘ನಾ ನಿನ್ನ ಮರೆಯಲಾರೆ’ಯಲ್ಲಿ ಅದೇ ರಾಜಕುಮಾರ್ ಅವರಿಗೆ ತಾಯಿ. ವಯಸ್ಸಿನಲ್ಲಿ ನಟನೇ ಎಷ್ಟೋ ವರ್ಷ ದೊಡ್ಡವರು! ನಲವತ್ತು ತುಂಬದ ನಟಿಯ ತಲೆಗೆ ನರೆ ಬಳಿದದ್ದು ನನಗೆ ಇವತ್ತಿಗೂ ಸಂಕಟದ ವಿಷಯ. ಮುಂದೆ ಸಾಲುಸಾಲು ತಾಯಿ ಪಾತ್ರಗಳಲ್ಲಿ ಸೆರಗು ಬಾಯಿಗೆ ಒತ್ತುವುದು, ದೇವರ ಪಟದ ಮುಂದೆ ನಿಲ್ಲುವುದು ರೂಢಿಯಾಗಿಬಿಟ್ಟಿತು. ಆರುನೂರು ಚಿತ್ರಗಳೆಂದು ಹೆಮ್ಮೆಯಿಂದ ಎಣಿಸುತ್ತೇವೆ. ಅದರಲ್ಲಿ ಅವರನ್ನು ಪೂರ್ತಿ ದುಡಿಸಿಕೊಂಡವು ಎಷ್ಟು?

ಕೊನೆಯ ವರ್ಷಗಳನ್ನು ಅವರು ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯ ತೋಟದಲ್ಲಿ ಕಳೆದರು. ಊರಿಗೆ ಆಸ್ಪತ್ರೆ ಕಟ್ಟಿಸಿದರು, ದನಕರುಗಳಿಗೂ ಒಂದು ಕಟ್ಟಿಸಿದರು. 2023ರ ಡಿಸೆಂಬರ್ 8ರಂದು ತೀರಿಕೊಂಡಾಗ ಊರಿನ ಜನ ಅತ್ತದ್ದು ಪರದೆಯ ತಾಯಿಗಾಗಿ ಮಾತ್ರವಲ್ಲ.

ನನಗೆ ಮಾತ್ರ ‘ಭಕ್ತ ಕುಂಬಾರ’ದ ಗೋರನ ಹೆಂಡತಿಯೇ ಕಣ್ಣಿಗೆ ಕಟ್ಟಿದ್ದಾಳೆ. ಭಜನೆಯಲ್ಲಿ ಮೈಮರೆತ ಗಂಡ ತುಳಿದ ಮಣ್ಣಿನಲ್ಲಿ ಮಗು ಸತ್ತಿದೆ. ಗಂಡನ ಮೇಲೂ ಅವನ ವಿಠ್ಠಲನ ಮೇಲೂ ಒಟ್ಟಿಗೆ ಉರಿಯಬೇಕಾದ ತಾಯಿ, ಆ ಎರಡೂ ಹೆಸರನ್ನು ನಿನ್ನೆಯವರೆಗೆ ಕೈಮುಗಿದು ಹೇಳಿದ್ದವಳು. ಅಲ್ಲಿ ದನಿ ಏರಲೇಬೇಕು. ಲೀಲಾವತಿಯವರು ಏರಿಸುತ್ತಾರೆ, ಕೊನೆಯ ಸಾಲಿನವನಿಗೆ ಕೇಳುವಷ್ಟು.