ಮೊದಲ ಬದಿಯ ಐದನೇ ಹಾಡು

ಬೀಚ್ ಬಾಯ್ಸ್ ತಂಡ ಎಂದರೆ ಕ್ಯಾಲಿಫೋರ್ನಿಯಾದ ಬಿಸಿಲು, ಅಲೆ, ಕಾರು. ತಂಡದ ಹಾಡುಗಳನ್ನು ಕಟ್ಟುತ್ತಿದ್ದ ಬ್ರಯಾನ್ ವಿಲ್ಸನ್‌ನ ವಿಷಾದ ತಲೆಯೆತ್ತಿದ್ದು 1966ರ ‘ಪೆಟ್ ಸೌಂಡ್ಸ್’ ಆಲ್ಬಮ್‌ನಲ್ಲಿ ಎಂಬುದು ರೂಢಿಯ ಮಾತು. ಇದನ್ನು ಒಪ್ಪಲಾಗದು. ಅವನ ‘ಲೋನ್ಲಿ ಸೀ’ ಹಾಡು ರೆಕಾರ್ಡ್ ಆದದ್ದು 1962ರ ಏಪ್ರಿಲ್‌ನಲ್ಲಿ. ಆಗ ಬ್ರಯಾನ್‌ಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅದರ ಜೊತೆಯಲ್ಲೇ ಹಾಡಿದ ‘ಸರ್ಫಿನ್ ಸಫಾರಿ’ಯನ್ನು ಕ್ಯಾಪಿಟಲ್ ಕಂಪನಿ ಕೆಲವೇ ವಾರಗಳಲ್ಲಿ ಮಾರುಕಟ್ಟೆಗೆ ತಂದಿತು. ‘ಲೋನ್ಲಿ ಸೀ’ ಮಾತ್ರ 1963ರ ಮಾರ್ಚ್‌ವರೆಗೆ ಕಾದು, ‘ಸರ್ಫಿನ್ ಯುಎಸ್‌ಎ’ ಆಲ್ಬಮ್‌ನೊಳಗೆ ಸೇರಿಕೊಂಡಿತು. ಆ ಆಲ್ಬಮ್‌ನ ಹನ್ನೆರಡರಲ್ಲಿ ಐದು ಬರಿಯ ವಾದ್ಯದ ತುಣುಕುಗಳು. ಅಂಥ ಎರಡರ ಬೆನ್ನಿಗೇ ಬರುವ ಈ ಹಾಡು ಯಾರ ಕಿವಿಗೂ ಬೀಳದೆ ಹೋದದ್ದು ಅಚ್ಚರಿಯಲ್ಲ.

ಬಿದ್ದರೆ ಮಾತ್ರ ಬಿಡುವುದಿಲ್ಲ. ಗಿಟಾರ್ ನಿಧಾನವಾಗಿ ಒಂದೊಂದೇ ತಂತಿ ಮಿಡಿಯುತ್ತದೆ. ಅದರ ಮೇಲೆ ಬ್ರಯಾನ್‌ನ ಎತ್ತರದ ಫಾಲ್ಸೆಟ್ಟೊ ಒಂಟಿಯಾಗಿ ಏಳುತ್ತದೆ. ಉಳಿದ ಕಂಠಗಳು ಪದವಿಲ್ಲದೆ ಹಿಂದೆ ನಿಲ್ಲುತ್ತವೆ. ಫೋರ್ ಫ್ರೆಶ್‌ಮನ್ ತಂಡದ ರೆಕಾರ್ಡುಗಳನ್ನು ಮತ್ತೆ ಮತ್ತೆ ಕೇಳಿ, ಒಂದೊಂದು ದನಿಯನ್ನೂ ಬಿಡಿಸಿಕೊಂಡು, ತಮ್ಮಂದಿರಿಗೆ ಹೇಳಿಕೊಟ್ಟು ಅವನು ಕಟ್ಟಿದ ಒತ್ತಾದ ಹಾರ್ಮೊನಿ ಅದು. ದ್ರುತಗತಿಯಲ್ಲಿ ಗೆಳೆಯರ ಗುಂಪಿನ ಗೆಲುವಿನಂತೆ ಕೇಳುವ ಅದೇ ಮೇಳ ವಿಳಂಬಕ್ಕೆ ಇಳಿದೊಡನೆ, ಹಾಡುವವನ ಒಂಟಿತನವನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಸುತ್ತ ಅಷ್ಟು ದನಿಗಳಿದ್ದೂ ಅವನೊಬ್ಬನೇ! ಉಳಿದ ಹಾಡುಗಳಲ್ಲಿ ಕಡಲು ಸವಾರಿಗೆ ಇರುವಂಥದ್ದು. ಇಲ್ಲಿ ಅದು ಯಾರ ಕೈಗೂ ಸಿಗುವುದಿಲ್ಲ.

ನಡುವೆ ಬರುವ ಮಾತಿನ ಭಾಗ ಅತಿಭಾವುಕವಲ್ಲವೇ ಎಂದರೆ, ಹೌದು. ಅದು ಆ ಕಾಲದ ಬ್ಯಾಲಡ್‌ಗಳ ಚಾಳಿ, ಹಾಡಿನ ದುರ್ಬಲ ಜಾಗವೂ ಹೌದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ: ಹಾಡು ಬ್ರಯಾನ್ ಗೀತರಚನಕಾರ ಗ್ಯಾರಿ ಅಷರ್ ಜೊತೆಗೂಡಿ ಬರೆದದ್ದು, ದುಃಖ ಅಷರನದ್ದಾಗಿರಬಾರದೇಕೆ? ಮುಂದಿನದನ್ನು ನೋಡಿ. 1963ರ ‘ಇನ್ ಮೈ ರೂಮ್’ಗೆ ಜೊತೆಯಾದವನು ಅಷರನೇ. ಆದರೆ 1964ರ ‘ದ ವಾರ್ಮ್ತ್ ಆಫ್ ದ ಸನ್’ಗೆ ತಂಡದವನೇ ಆದ ಮೈಕ್ ಲವ್, ‘ಪೆಟ್ ಸೌಂಡ್ಸ್’ನ ಬಹುಪಾಲು ಹಾಡುಗಳಿಗೆ ಟೋನಿ ಆಷರ್. ಪದ ಕಟ್ಟುವ ಕೈ ಬದಲಾಗುತ್ತಲೇ ಹೋಯಿತು. ಎತ್ತರದಲ್ಲಿ ಒಂಟಿಯಾಗಿ ನಿಲ್ಲುವ ಆ ದನಿ, ಅದರ ಕೆಳಗೆ ಮೆಲ್ಲಗೆ ಹರಡಿಕೊಳ್ಳುವ ಮೇಳ ಬದಲಾಗಲಿಲ್ಲ. ವಿಷಾದ ಇದ್ದದ್ದು ಬ್ರಯಾನ್‌ನ ಸ್ವರಗಳಲ್ಲೇ. ‘ಪೆಟ್ ಸೌಂಡ್ಸ್’ ಅದಕ್ಕೆ ದೊಡ್ಡ ವಾದ್ಯವೃಂದವನ್ನು ಒದಗಿಸಿತು, ಅಷ್ಟೇ.

ಆಲ್ಬಮ್‌ನ ಮೊದಲ ಬದಿಯಲ್ಲಿ ಇದು ಐದನೆಯದು, ಮುಂದಿನದು ಕಾರಿನ ಹಾಡು ‘ಶಟ್ ಡೌನ್’. ಅದು ಶುರುವಾಗುವ ಮೊದಲೇ ತಡೆದು, ಇದನ್ನು ಇನ್ನೊಮ್ಮೆ ಕೇಳಿ.