ಗಿಟಾರಿನ ಡಿಲೇ, ಪೆಂಡಾಲಿನ ಎಕೋ

ಡಿಲೇ ಪೆಡಲ್ ಎಂದರೆ ಗಿಟಾರಿನ ನಾದವನ್ನು ಕ್ಷಣದ ಒಂದು ಪಾಲು ಹಿಡಿದಿಟ್ಟು, ಮೂಲ ನಾದದ ಬೆನ್ನಿಗೇ ಮತ್ತೆ ಕೇಳಿಸುವ ಪುಟ್ಟ ಪೆಟ್ಟಿಗೆ. ಕಾಲಲ್ಲಿ ಅದುಮಿದರೆ ಚಾಲೂ, ಮತ್ತೆ ಅದುಮಿದರೆ ಬಂದ್. ಮರುದನಿ ಎಷ್ಟು ತಡವಾಗಿ ಬರಬೇಕು, ಎಷ್ಟು ಸಲ ಬರಬೇಕು, ಎಷ್ಟು ಜೋರಾಗಿ ಬರಬೇಕು ಎಂಬುದನ್ನು ಟೈಮ್, ಫೀಡ್‌ಬ್ಯಾಕ್, ಮಿಕ್ಸ್ ಎಂಬ ಮೂರು ನಾಬ್‌ಗಳು ತೀರ್ಮಾನಿಸುತ್ತವೆ. ಗಿಟಾರ್ ವಾದಕರ ಮೆಚ್ಚಿನ ಪಟ್ಟಿಗಳಲ್ಲಿ ಬಹುಕಾಲದಿಂದ ಅವೇ ಹೆಸರುಗಳು ತಿರುಗುತ್ತಿವೆ: ಎಕೋಪ್ಲೆಕ್ಸ್, ಸ್ಪೇಸ್ ಎಕೋ, ಮೆಮೊರಿ ಮ್ಯಾನ್, ಬಾಸ್ ಕಂಪನಿಯ ಡಿಎಂ-2 ಮತ್ತು ಡಿಡಿ ಸಾಲು, ಲೈನ್ 6ರ ಡಿಎಲ್4, ಎಂಎಕ್ಸ್‌ಆರ್ ಕಾರ್ಬನ್ ಕಾಪಿ, ಸ್ಟ್ರೈಮನ್ ಟೈಮ್‌ಲೈನ್. ಈ ಪಟ್ಟಿಗಳು ಕಾರ್ಡ್ ಹಿಡಿದು ನುಡಿಸುವ ಸಂಗೀತದ ಕಿವಿಯಿಂದ ಹುಟ್ಟಿದವು. ಶ್ರುತಿಯ ಮೇಲೆ ನಿಂತು, ಗಮಕದಲ್ಲಿ ಜಾರಿ, ತಾಳಕ್ಕೆ ಬದ್ಧವಾದ ಸಂಗೀತವನ್ನು ನುಡಿಸುವ ಗಿಟಾರಿನ ಮುಂದೆ ಇವನ್ನು ಇಟ್ಟು ಕೇಳಿದರೆ ಮೇಲು ಕೀಳುಗಳು ಬದಲಾಗುತ್ತವೆ.

ಮರುದನಿಯ ಅಳತೆಗೆ ಕರ್ನಾಟಕದಲ್ಲೇ ಒಂದು ದೊಡ್ಡ ಮಾದರಿಯಿದೆ. ವಿಜಯಪುರದ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಆತು ಚಪ್ಪಾಳೆ ತಟ್ಟಿದರೆ ಸದ್ದು ಎದುರು ಗೋಡೆಗೆ ಹೋಗಿ ಬರಲು ಸುಮಾರು 76 ಮೀಟರ್ ಓಡಬೇಕು. ಸೆಕೆಂಡಿಗೆ 340 ಮೀಟರಿನ ಲೆಕ್ಕದಲ್ಲಿ ಅದಕ್ಕೆ ಸುಮಾರು 220 ಮಿಲಿಸೆಕೆಂಡ್ ಹಿಡಿಯುತ್ತದೆ. ಚಪ್ಪಾಳೆ ಏಳು ಸಲ ಮರುಕಳಿಸುತ್ತದೆ ಎಂಬುದು ಅಲ್ಲಿನ ಪ್ರಸಿದ್ಧ ಮಾತು. ಪೆಡಲಿನ ಭಾಷೆಯಲ್ಲಿ ಇದು ಟೈಮ್ 220, ಫೀಡ್‌ಬ್ಯಾಕ್ ಭರ್ತಿ. ಇನ್ನೊಂದು ಗುಣ ಹೆಚ್ಚು ಮುಖ್ಯವಾದದ್ದು. ಗೋಡೆಯೂ ಗಾಳಿಯೂ ಸದ್ದಿನ ಚೂಪಾದ ಅಂಶವನ್ನು ಮೊದಲು ನುಂಗುವುದರಿಂದ, ಪ್ರತಿ ಸುತ್ತಿನಲ್ಲೂ ಮರುದನಿ ಸಣ್ಣದಾಗುವುದರ ಜತೆಗೆ ಮಂಕೂ ಆಗುತ್ತದೆ. ಒಳ್ಳೆಯ ಡಿಲೇಯನ್ನು ಗುರುತಿಸಲು ಈ ಮಂಕು ದೊಡ್ಡ ಸುಳಿವು.

ಬಯಲಿನಲ್ಲಿ ಇದೆಲ್ಲ ಇಲ್ಲ. ಈಗ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿರುವ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಂಥ ತೆರೆದ ನೆಲದಲ್ಲಿ ಕೂಗಿದರೆ ಸದ್ದು ಹೋದದ್ದು ಹೋಯಿತು, ತಿರುಗಿ ಬರುವುದಿಲ್ಲ. ಊರ ಮುಂದಿನ ಮೈದಾನದಲ್ಲಿ ಹಾಕಿದ ಪೆಂಡಾಲಿನ ಬಟ್ಟೆಯೂ ಸದ್ದನ್ನು ಹಿಂದಕ್ಕೆ ಕೊಡದು. ಹೀಗಾಗಿ ಬಯಲ ವೇದಿಕೆಯಲ್ಲಿ ಹಾಡುವವನ ದನಿ ಅವನಿಗೇ ಒಣಗಿದಂತೆ, ಒಂಟಿಯಾದಂತೆ ಕೇಳಿಸುತ್ತದೆ. ಗುಬ್ಬಿ, ಕುಣಿಗಲ್ ಸೀಮೆಯ ಸೌಂಡ್ ಸರ್ವೀಸಿನವರ ಮಿಕ್ಸರಿನಲ್ಲಿ ಎಕೋ ನಾಬ್‌ಗೆ ಬಿಡುವೇ ಇಲ್ಲದಿರಲು ಕಾರಣ ಇದು. ಅದು ಬರಿಯ ಶೋಕಿಯಲ್ಲ. ಇಲ್ಲದ ಗೋಡೆಗೆ ಬದಲಿ ವ್ಯವಸ್ಥೆ.

ಆ ವ್ಯವಸ್ಥೆ ಕೆಡುವುದು ಎಲ್ಲಿ ಎಂಬುದನ್ನು ಪೌರಾಣಿಕ ನಾಟಕದ ರಾತ್ರಿಗಳಲ್ಲಿ ಕಿವಿಯಾರೆ ಕೇಳಬಹುದು. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಹುಟ್ಟಿದ ನೆಲ ಇದು. ಮೈಕ್ ಇಲ್ಲದ ಆ ಕಾಲದಲ್ಲಿ ನಟನ ಕಂಠವೇ ಕಡೆಯ ಸಾಲನ್ನು ಮುಟ್ಟಬೇಕಿತ್ತು. ಇವತ್ತಿಗೂ ಈ ಭಾಗದ ಹಳ್ಳಿಗಳಲ್ಲಿ ಬಾಡಿಗೆಯ ಸೀನರಿ ಕಟ್ಟಿ ಬೆಳಗಿನ ಜಾವದವರೆಗೆ ಕುರುಕ್ಷೇತ್ರ ಆಡುತ್ತಾರೆ, ವ್ಯತ್ಯಾಸ ಮೈಕಿನದು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಕೊಟ್ಟೊಡನೆ ದುರ್ಯೋಧನ ಪಾತ್ರಧಾರಿ ಕಂದಪದ್ಯದ ಆಲಾಪ ಎಳೆದಾಗ ಎಕೋ ದನಿಗೆ ಮೈ ತುಂಬಿಕೊಡುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಹಾಡು ಮುಗಿದು ಮಾತು ಶುರುವಾದಾಗ ನಾಬ್ ಇದ್ದಲ್ಲೇ ಇರುತ್ತದೆ. ಆಗ ಒಂದು ಪದದ ಒತ್ತಕ್ಷರದ ಮೇಲೆ ಹಿಂದಿನ ಪದದ ಬಾಲ ಬಂದು ಕೂರುತ್ತದೆ. ಮೊದಲನೆಯ ಸಾಲಿನವರಿಗೆ ತುಟಿ ನೋಡಿ ಅರ್ಥವಾದರೂ ಹಿಂದಿನವರಿಗೆ ಉಳಿಯುವುದು ಗುಡುಗು ಮಾತ್ರ. ಆಲಾಪದಲ್ಲಿ ಒಂದೇ ಸ್ವರ ಬಹಳ ಹೊತ್ತು ನಿಲ್ಲುವುದರಿಂದ ಮರುದನಿಗೆ ಜಾಗವಿರುತ್ತದೆ. ಮಾತಿನಲ್ಲಿ ಆ ಜಾಗವಿಲ್ಲ. ಗಿಟಾರಿನ ಡಿಲೇಯನ್ನು ತೂಗಬೇಕಾದದ್ದೂ ಇದೇ ತಕ್ಕಡಿಯಲ್ಲಿ: ಮುಂದಿನ ಸ್ವರ ಬಂದಾಗ ಹಿಂದಿನ ಸ್ವರದ ನೆರಳು ದಾರಿ ಬಿಡುತ್ತದೆಯೇ, ಇಲ್ಲವೇ?

ಮೊದಲ ತಲೆಮಾರಿನ ಯಂತ್ರಗಳು ಟೇಪಿನವು. ಲಂಡನ್ನಿನ ಚಾರ್ಲಿ ವಾಟ್ಕಿನ್ಸ್ 1958ರಲ್ಲಿ ಕಾಪಿಕ್ಯಾಟ್ ತಂದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಮೈಕ್ ಬ್ಯಾಟಲ್ ಎಕೋಪ್ಲೆಕ್ಸ್ ರೂಪಿಸುತ್ತಿದ್ದರು. ಸುತ್ತುವ ಟೇಪಿನ ಮೇಲೆ ಒಂದು ಹೆಡ್ ಧ್ವನಿ ಬರೆಯುತ್ತದೆ, ಮುಂದಿರುವ ಇನ್ನೊಂದು ಹೆಡ್ ಓದುತ್ತದೆ. ನಡುವಿನ ದೂರವೇ ತಡ. 1974ರ ರೋಲ್ಯಾಂಡ್ ಆರ್‌ಇ-201 ಸ್ಪೇಸ್ ಎಕೋದಲ್ಲಿ ಓದುವ ಹೆಡ್‌ಗಳು ಮೂರು. ಟೇಪು ಕೊಂಚ ಅಲುಗುತ್ತಲೇ ಓಡುವುದರಿಂದ ಮರುದನಿಯ ಸ್ಥಾಯಿ ಕೂದಲೆಳೆಯಷ್ಟು ತೂಗುತ್ತದೆ, ತುದಿಗಳು ಮೊಂಡಾಗುತ್ತವೆ. ಕೇಳಲು ಇಷ್ಟು ಹಿತವಾದ ಮರುದನಿಯನ್ನು ಆಮೇಲೆ ಬಂದ ಯಾವ ಯಂತ್ರವೂ ಕೊಟ್ಟಿಲ್ಲ ಎಂದರೆ ತಪ್ಪಾಗದು. ಆದರೆ ಟೇಪು ಸವೆಯುತ್ತದೆ, ಹೆಡ್ ಒರೆಸುತ್ತಲೇ ಇರಬೇಕು, ಧೂಳಿನ ಮೈದಾನಕ್ಕೆ ಅದನ್ನು ಹೊತ್ತೊಯ್ಯುವ ಮಾತೇ ಇಲ್ಲ.

ಟೇಪನ್ನು ಪೆಡಲಿನ ಅಳತೆಗೆ ಇಳಿಸಿದ್ದು 1969ರಲ್ಲಿ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಸಿದ್ಧವಾದ ಬಕೆಟ್ ಬ್ರಿಗೇಡ್ ಚಿಪ್. ಬೆಂಕಿ ಆರಿಸುವವರು ಸಾಲಾಗಿ ನಿಂತು ಬಕೆಟ್ ದಾಟಿಸಿದಂತೆ, ಸಾವಿರಾರು ಪುಟ್ಟ ಕೆಪಾಸಿಟರ್‌ಗಳು ವಿದ್ಯುತ್ತಿನ ಗುಟುಕನ್ನು ಒಂದರಿಂದೊಂದಕ್ಕೆ ಕೊಡುತ್ತ ಹೋಗುತ್ತವೆ. ಮ್ಯಾತ್ಸುಶಿಟಾ ಕಂಪನಿಯ ಎಂಎನ್3005 ಚಿಪ್ಪಿನಲ್ಲಿ ಇಂಥ 4096 ಹಂತಗಳಿದ್ದವು. ಕ್ಲಾಕಿನ ವೇಗ 10 ಕಿಲೋಹರ್ಟ್ಸ್ ಇದ್ದರೆ ಸಿಗುವ ತಡ ಸುಮಾರು 205 ಮಿಲಿಸೆಕೆಂಡ್. ಇನ್ನೂ ತಡ ಬೇಕೆಂದರೆ ಕ್ಲಾಕನ್ನು ನಿಧಾನ ಮಾಡಬೇಕು. ನಿಧಾನ ಮಾಡಿದಷ್ಟೂ ಚೂಪಾದ ಸ್ವರಾಂಶ ದಾಟುವುದಿಲ್ಲ, ಗದ್ದಲ ಹೆಚ್ಚುತ್ತದೆ. ಅದನ್ನು ಮುಚ್ಚಲು ತಯಾರಕರು ಫಿಲ್ಟರ್ ಹಾಕಿದರು. ಹೀಗೆ ಬಂದದ್ದು ಅನಲಾಗ್ ಡಿಲೇಯ ಹೆಸರಾಂತ ಮಂಕು. ಬಾಸ್ ಡಿಎಂ-2 (1981) 300 ಮಿಲಿಸೆಕೆಂಡಿಗೆ ನಿಂತಿತು, ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಡಿಲಕ್ಸ್ ಮೆಮೊರಿ ಮ್ಯಾನ್ 550ರವರೆಗೆ ಎಳೆಯಿತು, 2008ರ ಕಾರ್ಬನ್ ಕಾಪಿ 600 ಮುಟ್ಟಿತು. ಇಂಜಿನಿಯರ್‌ಗಳು ದೋಷವೆಂದು ಬಗೆದದ್ದೇ ಗೋಳಗುಮ್ಮಟದ ಗುಣಕ್ಕೆ ಹತ್ತಿರ ಬಂದಿತು ಎಂಬುದು ಒಂದು ತಮಾಷೆ.

1983ರಲ್ಲಿ ಬಾಸ್ ಡಿಡಿ-2 ಬಂದು 800 ಮಿಲಿಸೆಕೆಂಡಿನ ಡಿಜಿಟಲ್ ಮರುದನಿಯನ್ನು ಪೆಡಲಿಗೆ ಇಳಿಸಿತು. ಹೋದ ಸ್ವರವೇ ಬಂದ ಸ್ವರ, ಹೊಳಪು ಕೂಡ ಕುಂದದೆ. 1999ರ ಡಿಎಲ್4 ಹಳೆಯ ಯಂತ್ರಗಳ ಅಣಕು ದನಿಗಳನ್ನೆಲ್ಲ ಒಂದೇ ಪೆಟ್ಟಿಗೆಗೆ ತುಂಬಿ, ನುಡಿಸಿದ ತುಣುಕನ್ನು ಹಿಡಿದು ಮತ್ತೆ ಮತ್ತೆ ಸುತ್ತಿಸುವ 14 ಸೆಕೆಂಡಿನ ಲೂಪರನ್ನೂ ಸೇರಿಸಿತು. ಅದರ ಕೀರ್ತಿಯ ದೊಡ್ಡ ಪಾಲು ಲೂಪರಿಗೆ ಸಲ್ಲಬೇಕು. ಶ್ರುತಿ ಹಿಡಿದು ಸಾಧನೆ ಮಾಡುವವನಿಗೆ ಅದು ಒಳ್ಳೆಯ ಸಂಗಾತಿ. ಟೈಮ್‌ಲೈನ್ (2011) ಇದೇ ದಾರಿಯಲ್ಲಿ ಬಹುದೂರ ಹೋದ ಯಂತ್ರ.

ಈಗ ಗಮಕದ ಪರೀಕ್ಷೆ. ತೋಡಿಯ ಗಾಂಧಾರವನ್ನು ತಂತಿ ಎಳೆದು ನುಡಿಸಿದಾಗ ಅದು ಒಂದೆಡೆ ನಿಲ್ಲುವುದಿಲ್ಲ, ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗುತ್ತದೆ. 400 ಮಿಲಿಸೆಕೆಂಡಿಗೆ ಇಟ್ಟ ಡಿಡಿ ಪೆಡಲಿನಲ್ಲಿ, ತಂತಿ ತೂಗಾಟದ ಮೇಲ್ತುದಿಯಲ್ಲಿರುವಾಗ ಹಿಂದಿನ ತೂಗಾಟದ ಕೆಳತುದಿ ಅಷ್ಟೇ ಸ್ಪಷ್ಟವಾಗಿ ಮೊಳಗುತ್ತದೆ. ಎರಡು ಗಾಂಧಾರಗಳು ಒಂದರ ಮೇಲೊಂದು ಬಿದ್ದು, ರಾಗದ ಜೀವಸ್ವರವೇ ಕಲಸಿಹೋಗುತ್ತದೆ. ಅದೇ ಪದಗುಚ್ಛವನ್ನು ಡಿಎಂ-2 ಅಥವಾ ಕಾರ್ಬನ್ ಕಾಪಿಯಲ್ಲಿ, 250ರ ಆಸುಪಾಸಿನ ತಡ ಮತ್ತು ಒಂದೆರಡೇ ಮರುದನಿಯೊಂದಿಗೆ ನುಡಿಸಿದರೆ ಮಂಕಾದ ನೆರಳು ಹಿಂದೆ ಸರಿದು ತಂತಿಯ ಎಳೆತ ಮುಂದೆ ನಿಲ್ಲುತ್ತದೆ. ಮೋಹನದಂಥ ರಾಗದಲ್ಲಿ ಈ ತಕರಾರು ಕಡಿಮೆ. ಅದರ ಐದು ಸ್ವರಗಳಲ್ಲಿ ಯಾವ ಎರಡೂ ಅರ್ಧಸ್ವರದ ದೂರದಲ್ಲಿಲ್ಲ, ಆದ್ದರಿಂದ ಯಾವುದರ ನೆರಳು ಯಾವುದರ ಮೇಲೆ ಬಿದ್ದರೂ ಕಿವಿಗೆ ಕಚ್ಚುವುದಿಲ್ಲ. ಫ್ಯೂಷನ್ ಗಿಟಾರಿನಲ್ಲಿ ಉದ್ದನೆಯ, ಹೊಳೆಯುವ ಡಿಲೇಯ ಜತೆ ಇಂಥ ರಾಗಗಳು ಸಲೀಸಾಗಿ ಒಪ್ಪುವುದಕ್ಕೆ ಪೆಡಲಿಗಿಂತ ರಾಗದ ರಚನೆಯೇ ಕಾರಣ. ಬೆಂಗಳೂರಿನ ಅಗಮ್‌ನಂಥ ತಂಡಗಳು ಕರ್ನಾಟಕ ಸಂಗೀತದ ಕೃತಿಗಳನ್ನು ರಾಕ್ ಮೇಳದೊಂದಿಗೆ ಹಾಡುತ್ತಿರುವ ಕಾಲದಲ್ಲಿ ಇದು ಗಿಟಾರಿಗನಿಗೆ ಪುಸ್ತಕದ ಪ್ರಶ್ನೆಯಲ್ಲ.

ತಾಳದ ಪರೀಕ್ಷೆಯಲ್ಲಿ ಅಂಕಗಳು ತಿರುವುಮುರುವಾಗುತ್ತವೆ. ನಿಮಿಷಕ್ಕೆ 120 ಅಕ್ಷರದ ಕಾಲದಲ್ಲಿ ಒಂದು ಅಕ್ಷರಕ್ಕೆ 500 ಮಿಲಿಸೆಕೆಂಡ್. ಚತುರಶ್ರ ನಡೆಯ ಒಂದು ಮಾತ್ರೆಗೆ 125. ಯು2 ತಂಡದ ಗಿಟಾರಿಗ ಎಡ್ಜ್ ಲೋಕಪ್ರಸಿದ್ಧಗೊಳಿಸಿದ ‘ಡಾಟೆಡ್ ಎಯ್ತ್’ ಡಿಲೇ ಈ ಲೆಕ್ಕದಲ್ಲಿ 375, ಅಂದರೆ ನಾಲ್ಕು ಮಾತ್ರೆಗಳಲ್ಲಿ ಮೂರು. ಬಿಡಿ ಸ್ವರಗಳನ್ನು ಒಂದೇ ಸಮನೆ ಮೀಟಿದರೆ ನಡುವಿನ ಮಾತ್ರೆಗಳನ್ನು ಪೆಡಲೇ ತುಂಬುತ್ತ ಹೋಗುತ್ತದೆ. ಇಲ್ಲಿ ಮಂಕು ಬೇಡ, ಹೊಳಪೇ ಬೇಕು; ಮರುದನಿ ಮೀಟಿದಷ್ಟೇ ಚುರುಕಾಗಿದ್ದರೆ ಮಾತ್ರ ಲಯ ಕೇಳಿಸುತ್ತದೆ. ಡಿಜಿಟಲ್ ಪೆಡಲ್ ಗೆಲ್ಲುವ ಜಾಗ ಇದು. ಆದರೆ ಬಹುತೇಕ ಪೆಡಲ್‌ಗಳ ಟ್ಯಾಪ್ ಟೆಂಪೊ (ಕಾಲಲ್ಲಿ ತಟ್ಟಿ ಲಯ ಹೇಳುವ ಗುಂಡಿ) ಎರಡು, ಮೂರು, ನಾಲ್ಕರ ಭಾಗಗಳನ್ನಷ್ಟೇ ಬಲ್ಲದು. ಖಂಡ ನಡೆಯ ಐದು ಮಾತ್ರೆಗೆ ಅವುಗಳಲ್ಲಿ ಗುಂಡಿಯಿಲ್ಲ. ಅಲ್ಲಿ ಮಾತ್ರೆಗೆ 100ರಂತೆ ಮೂರು ಮಾತ್ರೆಗೆ 300 ಎಂದು ಅಂಕಿ ನೋಡಿ ಇಡಬೇಕು, ಹಾಗಾಗಿ ಅಂಕಿ ತೋರಿಸುವ ಪರದೆಯುಳ್ಳ ಟೈಮ್‌ಲೈನ್‌ನಂಥ ಯಂತ್ರಕ್ಕೆ ಬೆಲೆ ಬರುತ್ತದೆ. ಮಿಶ್ರಚಾಪಿನಲ್ಲಿ ಇನ್ನೂ ಎಚ್ಚರ ಬೇಕು. ಮೂರು ಮಾತ್ರೆಯ ತಡ ಇಟ್ಟರೆ ಸಮದ ಮೀಟಿನ ಮರುದನಿ ನಾಲ್ಕನೆಯ ಮಾತ್ರೆಗೆ, ಸರಿಯಾಗಿ ಎರಡನೆಯ ಪೆಟ್ಟಿನ ಮೇಲೆ ಬೀಳುತ್ತದೆ. ಫೀಡ್‌ಬ್ಯಾಕ್ ಏರಿಸಿದರೆ ಮುಂದಿನದು ಏಳನೆಯದಕ್ಕೆ ಬಿದ್ದು ತಾಳವನ್ನು ಬೇರೆಡೆಗೆ ಎಳೆಯುತ್ತದೆ.

ಮೃದಂಗ, ತಬಲಾ ನುಡಿಸುವವರು ಗಡಿಯಾರವಲ್ಲ. ತಡವನ್ನು 500ಕ್ಕೆ ಇಟ್ಟಾಗ ಅಕ್ಷರ 490ಕ್ಕೆ ಇಳಿದರೆ ನಾಲ್ಕನೆಯ ಮರುದನಿಯ ಹೊತ್ತಿಗೆ 40 ಮಿಲಿಸೆಕೆಂಡಿನ ಬಿರುಕು ಬಿಟ್ಟಿರುತ್ತದೆ, ಅದು ಯಾರ ಕಿವಿಗೂ ತಿಳಿಯುತ್ತದೆ. ಟ್ಯಾಪ್ ಟೆಂಪೊ ಇಲ್ಲದ ಮೂಲ ಕಾರ್ಬನ್ ಕಾಪಿ ಈ ಕೆಲಸಕ್ಕೆ ನಾಲಾಯಕ್ಕು. ಅದನ್ನು ತಾಳದ ಗೊಡವೆಯಿಲ್ಲದ ಆಲಾಪಕ್ಕೆ ಇಟ್ಟುಕೊಳ್ಳುವುದೇ ಸರಿ.

ಅಗ್ಗದ ತುದಿಯಲ್ಲಿ ಇರುವುದು ತೈವಾನಿನ ಪ್ರಿನ್ಸ್‌ಟನ್ ಟೆಕ್ನಾಲಜಿ ಕಂಪನಿಯ ಪಿಟಿ2399 ಚಿಪ್. ಕರೋಕೆ ಯಂತ್ರಗಳಿಗೆಂದು ಹುಟ್ಟಿದ ಇದು ಅಗ್ಗದ ಎಕೋ ಬೋರ್ಡುಗಳಲ್ಲೂ, ಕುಶಲಿಗಳು ಕೈಯಾರೆ ಕಟ್ಟಿ ದುಬಾರಿ ಬೆಲೆಗೆ ಮಾರುವ ಪೆಡಲ್‌ಗಳಲ್ಲೂ ಇದೆ. ಒಳಗೆ ಡಿಜಿಟಲ್ ಆದರೂ ದನಿ ಮಂಕು. ಸುಮಾರು 340 ಮಿಲಿಸೆಕೆಂಡಿನವರೆಗೆ ಮರ್ಯಾದೆಯಿಂದ ಇರುತ್ತದೆ, ಅದರಾಚೆಗೆ ಗರಗರ ಎನ್ನತೊಡಗುತ್ತದೆ. ಗಮಕದ ನುಡಿಸಾಣಿಕೆಗೆ ಬೇಕಾದ ತಡ ಆ ಮಿತಿಯ ಒಳಗೇ ಇರುವುದರಿಂದ, ಕಲಿಯುವವರು ಇದನ್ನು ಕೀಳೆಂದು ಬಗೆಯಬೇಕಿಲ್ಲ. ಮೆಚ್ಚಿನ ಪಟ್ಟಿಗಳಲ್ಲಿ ಇದಕ್ಕೆ ಸಿಕ್ಕಿರುವುದಕ್ಕಿಂತ ಮೇಲಿನ ಸ್ಥಾನ ಸಲ್ಲಬೇಕು.

ವೇದಿಕೆಯ ಮೇಲೆ ಪೆಡಲಿನ ಗುಣಕ್ಕಿಂತ ಮೊದಲು ಕರೆಂಟು ಕಾಡುತ್ತದೆ. ಡಿಎಂ-2, ಕಾರ್ಬನ್ ಕಾಪಿಯಂಥ ಅನಲಾಗ್ ಪೆಡಲಿಗೆ 9 ವೋಲ್ಟಿನ ಬ್ಯಾಟರಿ ಸಾಕು. ಟೈಮ್‌ಲೈನ್‌ಗೆ ಕನಿಷ್ಠ 300 ಮಿಲಿಆಂಪಿಯರ್ ಬೇಕು. ಎಲ್ಲವನ್ನೂ ಒಂದೇ ಅಡಾಪ್ಟರಿಗೆ ಕಟ್ಟಿದರೆ ಡಿಜಿಟಲ್ ಪೆಡಲಿನ ಕೀಚು ದನಿ ಉಳಿದವುಗಳೊಳಗೂ ನುಸುಳುತ್ತದೆ. ಇನ್ನೊಂದು ತೊಡಕು ಮಿಕ್ಸರಿನದು. ಗಿಟಾರಿನ ಕೇಬಲ್ಲನ್ನು ಗಾಯಕರ ಪಕ್ಕದ ಚಾನೆಲ್ಲಿಗೆ ಸಿಕ್ಕಿಸಿ ಅದರ ಎಕೋ ಏರಿಸಿಯೇ ಬಿಟ್ಟಿದ್ದರೆ, ಪೆಡಲಿನ 375ರ ಮೇಲೆ ಮಿಕ್ಸರಿನ ಬೇರೊಂದು ತಡ ಹೇರಿದಂತಾಗಿ ಪ್ರತಿ ಮೀಟಿಗೂ ಎರಡು ಜಾತಿಯ ಮರುದನಿ ಹುಟ್ಟುತ್ತದೆ. ಅಂಥಲ್ಲಿ ಗಿಟಾರಿನ ಚಾನೆಲ್ಲಿನ ಎಕೋವನ್ನು ಸೊನ್ನೆಗೆ ಇಳಿಸುವ ತನಕ ಡಿಎಂ-2 ಒಳ್ಳೆಯದೋ ಡಿಡಿ ಒಳ್ಳೆಯದೋ ಎಂದು ತೀರ್ಪು ಕೊಡಲು ಬರುವುದಿಲ್ಲ.