ಔಷಧಿಗಾಗಿ ಗಡಿ ದಾಟುವವರು

2019ರ ಜುಲೈ ತಿಂಗಳಲ್ಲಿ ಅಮೆರಿಕದ ಡೆಟ್ರಾಯಿಟ್‌ನಿಂದ ಮಧುಮೇಹಿಗಳ ತಂಡವೊಂದು ಬಸ್ಸು ಹತ್ತಿ, ಗಡಿ ದಾಟಿ, ಕೆನಡಾದ ವಿಂಡ್ಸರ್ ಊರಿನ ಔಷಧಿ ಅಂಗಡಿಗೆ ಹೋಯಿತು. ಅವರಿಗೆ ಬೇಕಿದ್ದದ್ದು ಇನ್ಸುಲಿನ್. ತಮ್ಮೂರಿನಲ್ಲಿ ತೆರಬೇಕಾದ ದುಡ್ಡಿನ ಸುಮಾರು ಹತ್ತನೇ ಒಂದು ಪಾಲಿಗೆ ಅದು ಅಲ್ಲಿ ಸಿಗುತ್ತಿತ್ತು. ಜೊತೆಗೆ ಹೋಗಿದ್ದ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರಿಗೆ ಈ ದಾರಿ ಹೊಸದೇನಲ್ಲ. 1999ರಲ್ಲೇ ಅವರು ವರ್ಮಾಂಟ್‌ನ ಸ್ತನ ಕ್ಯಾನ್ಸರ್ ರೋಗಿಗಳನ್ನು ಟ್ಯಾಮಾಕ್ಸಿಫೆನ್ ಮಾತ್ರೆಗಾಗಿ ಮಾಂಟ್ರಿಯಲ್‌ಗೆ ಕರೆದೊಯ್ದಿದ್ದರು. ಇನ್ಸುಲಿನ್ ಪತ್ತೆಯಾದದ್ದು 1921ರಲ್ಲಿ, ಕೆನಡಾದ ಟೊರೊಂಟೊದಲ್ಲಿ. 1923ರಲ್ಲಿ ಅದರ ಪೇಟೆಂಟನ್ನು ಸಂಶೋಧಕರು ಅಲ್ಲಿನ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಹಾಗೆ ಬಿಟ್ಟುಕೊಟ್ಟ ಔಷಧಿ ನೂರು ವರ್ಷ ತುಂಬುವ ಹೊತ್ತಿಗೆ ಜಗತ್ತಿನ ಅತಿ ಸಿರಿವಂತ ದೇಶದ ರೋಗಿಗಳು ಪರದೇಶಕ್ಕೆ ಹೋಗಿ ತರಬೇಕಾದ ವಸ್ತುವಾಯಿತು. ವಿದೇಶದಿಂದ ಹೀಗೆ ಔಷಧಿ ತರುವುದು ಅಮೆರಿಕದ ಕಾನೂನಿನಲ್ಲಿ ಬಹುಪಾಲು ಸಂದರ್ಭಗಳಲ್ಲಿ ನಿಷಿದ್ಧ. ಆದರೂ ಸ್ವಂತ ಬಳಕೆಗೆಂದು ತಂದ ಮೂರು ತಿಂಗಳ ಮಟ್ಟಿನ ಔಷಧಿಯನ್ನು ಅಧಿಕಾರಿಗಳು ಸಾಮಾನ್ಯವಾಗಿ ತಡೆಯುವುದಿಲ್ಲ. ಕೆಲವರು ಇದನ್ನು ಕಳ್ಳಸಾಗಣೆ ಎನ್ನುತ್ತಾರೆ, ಕೆಲವರು ಜಾಣತನ ಎನ್ನುತ್ತಾರೆ. ನನ್ನ ತೀರ್ಮಾನ ಬೇರೆ. ರೋಗಿಯ ಮಟ್ಟಿಗೆ ಇದು ನ್ಯಾಯವಾದ ನಡೆ. ಸರ್ಕಾರದ ನೀತಿಯಾಗಿ ಇದು ಸೋಲಿನ ಒಪ್ಪಿಗೆ. ಇದರಿಂದ ಆದ ದೊಡ್ಡ ಉಪಕಾರವೆಂದರೆ ಔಷಧಿಯ ಬೆಲೆಯ ಬಗ್ಗೆ ಇದು ನುಡಿದ ಸಾಕ್ಷಿ.

ಆ ಸಾಕ್ಷಿ ಏನು ಹೇಳುತ್ತದೆ ಎಂಬುದನ್ನು ಹೆಪಟೈಟಿಸ್ ಸಿ ಕಾಯಿಲೆಯ ಔಷಧಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಯಕೃತ್ತನ್ನು ವರ್ಷಗಟ್ಟಲೆ ಒಳಗಿಂದೊಳಗೇ ಕೆಡಿಸುವ ಈ ಸೋಂಕನ್ನು ಬೇರುಸಹಿತ ಕೀಳುವ ಸೊಫೊಸ್ಬುವಿರ್ ಮಾತ್ರೆಗೆ ಅಮೆರಿಕದಲ್ಲಿ 2013ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು. ಗಿಲಿಯಡ್ ಕಂಪನಿ ಒಂದು ಮಾತ್ರೆಗೆ 1,000 ಡಾಲರ್ ಬೆಲೆ ಕಟ್ಟಿತು. ಹನ್ನೆರಡು ವಾರಗಳ ಚಿಕಿತ್ಸೆಗೆ 84,000 ಡಾಲರ್. ಅದೇ ಕಂಪನಿ ಭಾರತದಲ್ಲಿ ಅಷ್ಟೇ ಮಾತ್ರೆಗಳಿಗೆ ಗೊತ್ತುಮಾಡಿದ ಬೆಲೆ 900 ಡಾಲರ್. 2014ರ ಸೆಪ್ಟೆಂಬರ್‌ನಲ್ಲಿ ಅದು ಭಾರತದ ಏಳು ಕಂಪನಿಗಳಿಗೆ ಜೆನೆರಿಕ್ ತಯಾರಿಸಲು ಪರವಾನಗಿ ಕೊಟ್ಟಿತು. ಬೆಂಗಳೂರಿನ ಸ್ಟ್ರೈಡ್ಸ್ ಅವುಗಳಲ್ಲಿ ಒಂದು. ಆ ಮಾತ್ರೆಗಳನ್ನು 91 ದೇಶಗಳಲ್ಲಿ ಮಾರಬಹುದಿತ್ತು. ಶ್ರೀಮಂತ ದೇಶಗಳು ಆ ಪಟ್ಟಿಯಿಂದ ಹೊರಗಿದ್ದವು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಹಿಲ್ ಮತ್ತು ಸಂಗಡಿಗರು ಆ ಇಡೀ ಚಿಕಿತ್ಸೆಯ ಮಾತ್ರೆಗಳ ತಯಾರಿಕಾ ವೆಚ್ಚ 68ರಿಂದ 136 ಡಾಲರ್ ಆಗಬಹುದು ಎಂದು ಲೆಕ್ಕ ಹಾಕಿದ್ದರು. ಆಸ್ಟ್ರೇಲಿಯಾದ, ಅಮೆರಿಕದ, ಯುರೋಪಿನ ರೋಗಿಗಳು ಭಾರತದ ಮಾತ್ರೆಗೆ ಕೈಚಾಚಿದ್ದು ಹೀಗೆ. ಬೆಲೆ ಏರಿದ್ದು ಮಾತ್ರೆಯೊಳಗಿನ ರಾಸಾಯನಿಕದಿಂದಾಗಲಿ, ಕಾರ್ಖಾನೆಯ ಕೂಲಿಯಿಂದಾಗಲಿ ಆಗಿರಲಿಲ್ಲ. ಕೊಳ್ಳುವವನು ಯಾವ ದೇಶದವನು ಎಂಬುದೇ ಬೆಲೆಯನ್ನು ತೀರ್ಮಾನಿಸಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ಸಂಶೋಧನೆಯದು. ಶ್ರೀಮಂತ ದೇಶದ ರೋಗಿಗಳು ಹೆಚ್ಚು ಕೊಡುವುದರಿಂದಲೇ ಹೊಸ ಔಷಧಿ ಹುಟ್ಟುತ್ತದೆ, ಅವರೂ ಅಗ್ಗದ ಕಡೆಗೆ ಹೊರಟರೆ ನಾಳಿನ ಔಷಧಿಗೆ ಬಂಡವಾಳ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ. ಇದು ತಳ್ಳಿಹಾಕುವ ಮಾತಲ್ಲ. ಸಂಶೋಧನೆಗೆ ಹಣ ಬೇಕು, ಸೋತ ಪ್ರಯೋಗಗಳ ಖರ್ಚನ್ನೂ ಯಾರಾದರೂ ಭರಿಸಬೇಕು. ಆದರೆ ಬೆಲೆಯನ್ನು ನಿಜಕ್ಕೂ ನಿರ್ಧರಿಸಿದ್ದು ಆ ಖರ್ಚೇ ಆಗಿತ್ತೇ ಎಂದು ನೋಡಬೇಕು. ಸೊಫೊಸ್ಬುವಿರನ್ನು ಬೆಳೆಸಿದ ಫಾರ್ಮಾಸೆಟ್ ಎಂಬ ಚಿಕ್ಕ ಕಂಪನಿಯನ್ನು ಗಿಲಿಯಡ್ 2011ರಲ್ಲಿ ಸುಮಾರು 1,100 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಕಂಪನಿಯ ಒಳ ಕಾಗದಪತ್ರಗಳನ್ನು ತರಿಸಿ ನೋಡಿದ ಅಮೆರಿಕ ಸೆನೆಟ್‌ನ ಹಣಕಾಸು ಸಮಿತಿಯ ಇಬ್ಬರು ಹಿರಿಯ ಸದಸ್ಯರು, ಒಬ್ಬರು ಡೆಮಾಕ್ರಟಿಕ್ ಇನ್ನೊಬ್ಬರು ರಿಪಬ್ಲಿಕನ್ ಪಕ್ಷದವರು, 2015ರ ಡಿಸೆಂಬರ್‌ನ ವರದಿಯಲ್ಲಿ ಒಂದೇ ತೀರ್ಮಾನಕ್ಕೆ ಬಂದರು. ಎಷ್ಟು ರೋಗಿಗಳಿಗೆ ಔಷಧಿ ತಲುಪುತ್ತದೆ ಎಂಬುದಕ್ಕಿಂತ ವರಮಾನ ಎಷ್ಟು ಹೆಚ್ಚಿಸಬಹುದು ಎಂಬ ಲೆಕ್ಕದಲ್ಲೇ ಬೆಲೆ ಗೊತ್ತಾಗಿತ್ತು. ಇನ್ಸುಲಿನ್ನಿನ ಕಥೆಯಲ್ಲಿ ಸಂಶೋಧನೆಯ ವಾದ ಇನ್ನೂ ಸೊರಗುತ್ತದೆ. 1996ರಲ್ಲಿ ಬಂದ ಹುಮಲಾಗ್ ಇನ್ಸುಲಿನ್ನಿನ ಒಂದು ಸೀಸೆಗೆ ಆಗ 21 ಡಾಲರ್ ಇತ್ತು. 2019ರ ಹೊತ್ತಿಗೆ ಅದು 275 ಡಾಲರ್ ಮುಟ್ಟಿತು. ಸೀಸೆಯೊಳಗಿನ ಔಷಧಿ ಮಾತ್ರ ಅದೇ. ಜನರ ಒತ್ತಡ ಹೆಚ್ಚಿದ ಮೇಲೆ, 2023ರ ಮಾರ್ಚ್‌ನಲ್ಲಿ, ಅದನ್ನು ತಯಾರಿಸುವ ಎಲಿ ಲಿಲ್ಲಿ ಕಂಪನಿಯೇ ಬೆಲೆಯನ್ನು ಶೇ. 70ರಷ್ಟು ಇಳಿಸುವುದಾಗಿ ಸಾರಿತು. ಸಂಶೋಧನೆಗೆ ಅನಿವಾರ್ಯವಾದ ಬೆಲೆಯನ್ನು ಹಾಗೆ ಒಂದು ಪ್ರಕಟಣೆಯಿಂದ ಇಳಿಸಲು ಆಗುವುದಿಲ್ಲ.

ಎರಡನೆಯ ಆಕ್ಷೇಪ ಕಾನೂನಿನದು. ದೇಶದ ಗಡಿಯೊಳಗೆ ಪರೀಕ್ಷೆಯಾಗಿ ಬಂದದ್ದೇ ಔಷಧಿ, ಹೊರಗಿನದು ಅಲ್ಲ ಎಂಬ ನಿಲುವು. ಅಮೆರಿಕದ ಔಷಧಿ ಅಂಗಡಿಯ ಕಪಾಟನ್ನು ನೋಡಿದರೆ ಈ ಗೆರೆ ಅಳಿಸಿಹೋಗುತ್ತದೆ. ಅಲ್ಲಿ ಮಾರಾಟವಾಗುವ ಜೆನೆರಿಕ್ ಮಾತ್ರೆಗಳ ದೊಡ್ಡ ಪಾಲು ಭಾರತದ ಕಾರ್ಖಾನೆಗಳದ್ದು. 2021ರ ಜುಲೈನಲ್ಲಿ, ಮೂಲ ಇನ್ಸುಲಿನ್ನಿನ ಬದಲಿಗೆ ಔಷಧಿ ಅಂಗಡಿಯಲ್ಲೇ ಕೊಡಬಹುದಾದ ಮೊದಲ ಬದಲಿ ಇನ್ಸುಲಿನ್ ಎಂದು ಅಮೆರಿಕ ಒಪ್ಪಿದ್ದು ಬೆಂಗಳೂರಿನ ಬಯೋಕಾನ್ ಬೆಳೆಸಿದ ಔಷಧಿಯನ್ನು. ಅದು ತಯಾರಾಗುವುದು ಮಲೇಷ್ಯಾದ ಜೊಹೊರ್‌ನಲ್ಲಿ. ಕಂಪನಿಗೆ ಬೆಂಗಳೂರು, ಜೊಹೊರ್, ನ್ಯೂಯಾರ್ಕ್ ಎಲ್ಲವೂ ಒಂದೇ ಮಾರುಕಟ್ಟೆ. ಅಗ್ಗವಾದ ಕಡೆ ತಯಾರಿಸಿ ದುಬಾರಿಯಾದ ಕಡೆ ಮಾರುವುದು ವ್ಯಾಪಾರವಾದರೆ, ಅಗ್ಗವಾದ ಕಡೆ ಕೊಂಡು ಮನೆಯಲ್ಲಿ ನುಂಗುವುದು ಅಪರಾಧ ಹೇಗಾದೀತು? ಗಡಿ ಎಂಬುದು ಇಲ್ಲಿ ಔಷಧಿಯನ್ನು ತಡೆಯುತ್ತಿಲ್ಲ, ರೋಗಿಯನ್ನಷ್ಟೇ ತಡೆಯುತ್ತಿದೆ. 2022ರ ಬೆಲೆಗಳನ್ನು ಹೋಲಿಸಿದ ರ್‍ಯಾಂಡ್ ಸಂಸ್ಥೆಯ ಅಧ್ಯಯನದ ಪ್ರಕಾರ ಅಮೆರಿಕದ ಔಷಧಿ ಬೆಲೆ ಇತರ 33 ದೇಶಗಳ ಬೆಲೆಯ 2.78 ಪಟ್ಟು. ಆ ಅಂತರವನ್ನು ಕಾಯುವ ಬೇಲಿಯಾಗಿ ನಿಂತಾಗ ಕಾನೂನು ತನ್ನ ನೈತಿಕ ಬಲವನ್ನು ಕಳೆದುಕೊಳ್ಳುತ್ತದೆ.

ಮೂರನೆಯದು ಸುರಕ್ಷತೆಯ ಆಕ್ಷೇಪ. ಈ ಪದ್ಧತಿಯ ಪರ ವಾದಿಸುವವರು ಇದನ್ನು ಕಂಪನಿಗಳ ಬೆದರಿಕೆಯ ಮಾತು ಎಂದು ಹಗುರ ಮಾಡುವುದುಂಟು. ಹಾಗೆ ಮಾಡುವುದು ತಪ್ಪು. 2005ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ತಡೆದು ನೋಡಿದ ಪೊಟ್ಟಣಗಳಲ್ಲಿ, ಕೆನಡಾದ ಔಷಧಿ ಎಂದು ಹೇಳಿಕೊಂಡವುಗಳ ಪೈಕಿ ಶೇ. 85ರಷ್ಟು ಬಂದದ್ದು ಬೇರೆ 27 ದೇಶಗಳಿಂದ. 2012ರಲ್ಲಿ ಕ್ಯಾನ್ಸರಿನ ಅವಾಸ್ಟಿನ್ ಔಷಧಿಯ ಹೆಸರಿನಲ್ಲಿ ಅಮೆರಿಕದ ವೈದ್ಯರ ಕೈಗೆ ಬಂದ ಸೀಸೆಗಳಲ್ಲಿ ಔಷಧಿಯ ಅಂಶವೇ ಇರಲಿಲ್ಲ. ಮೋಸವಿಲ್ಲದ ಕಡೆಯೂ ಅಪಾಯ ಇದೆ. ಅಮೆರಿಕದಲ್ಲಿ ಫ್ಲೊಮ್ಯಾಕ್ಸ್ ಎಂದರೆ ಪ್ರಾಸ್ಟೇಟ್ ಗ್ರಂಥಿಯ ತೊಂದರೆಗೆ ಕೊಡುವ ಮಾತ್ರೆ. ಇಟಲಿಯಲ್ಲಿ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿದ್ದದ್ದು ಉರಿಯೂತ ಇಳಿಸುವ ಬೇರೆಯದೇ ಔಷಧಿ. ಇನ್ಸುಲಿನ್ ಬಳಕೆಗೆ ತೆಗೆಯುವ ತನಕ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಅಂಚೆಯ ದಾರಿಯಲ್ಲಿ ಬಿಸಿಲಿಗೆ ಕಾದು ಬಂದ ಸೀಸೆ ನೋಡಲು ತಿಳಿಯಾಗಿಯೇ ಇದ್ದೀತು, ಕೆಲಸ ಮಾಡದೆ ಹೋದೀತು. ಇನ್ನು ನಮ್ಮ ದೇಶದ ಔಷಧಿಯನ್ನು ಕಣ್ಣುಮುಚ್ಚಿ ಹೊಗಳುವಂತೆಯೂ ಇಲ್ಲ. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿಗೆ ನಂಟು ಕಂಡದ್ದು ಭಾರತದ ಕೆಮ್ಮಿನ ಸಿರಪ್ಪಿನಲ್ಲಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಮಕ್ಕಳೂ ಸಿರಪ್ಪಿಗೆ ಬಲಿಯಾದರು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಬಾಣಂತಿಯರು ಸತ್ತಾಗ ಶಂಕೆ ಹೋದದ್ದು ಗ್ಲೂಕೋಸಿನಂತೆ ನರಕ್ಕೆ ಹಾಕುವ ದ್ರಾವಣದ ಮೇಲೆ. ಅದು ಗಡಿ ದಾಟಿ ಬಂದದ್ದಲ್ಲ, ದೇಶದೊಳಗಿನದೇ.

ಈ ಕೊನೆಯ ಮಾತಿನಲ್ಲೇ ಆಕ್ಷೇಪಕ್ಕೆ ಉತ್ತರವೂ ಇದೆ. ಔಷಧಿಯನ್ನು ಸುರಕ್ಷಿತವಾಗಿಸುವುದು ಅದು ಎಲ್ಲಿಯದು ಎಂಬುದಲ್ಲ, ಅದನ್ನು ಯಾರು ಹೇಗೆ ಪರೀಕ್ಷಿಸಿದರು ಎಂಬುದು. ಆಸ್ಟ್ರೇಲಿಯಾದಲ್ಲಿ ಹೆಪಟೈಟಿಸ್ ಸಿ ರೋಗಿಗಳು ಕಟ್ಟಿಕೊಂಡ ಖರೀದಿ ಕೂಟದ ಬಗ್ಗೆ ನನಗೆ ಗೌರವವಿರುವುದು ಈ ಕಾರಣಕ್ಕೆ. ವೈದ್ಯ ಜೇಮ್ಸ್ ಫ್ರೀಮನ್ ಅವರ ನೆರವಿನಲ್ಲಿ ಅವರು ತರಿಸಿದ ಔಷಧಿಯನ್ನು ಪರೀಕ್ಷೆಗೆ ಒಳಪಡಿಸಿದರು, ರೋಗಿಗಳ ರಕ್ತದಲ್ಲಿ ವೈರಾಣು ಇಳಿಯುವುದನ್ನು ಅಳೆದರು, ಫಲಿತಾಂಶವನ್ನು 2016ರಲ್ಲಿ ಯುರೋಪಿನ ಯಕೃತ್ ತಜ್ಞರ ಸಮ್ಮೇಳನದ ಮುಂದಿಟ್ಟರು. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಔಷಧಿ ಕೆಲಸ ಮಾಡಿತ್ತು. ಇಲ್ಲಿ ಗೆದ್ದದ್ದು ಅಗ್ಗದ ಬೆಲೆಯೊಂದೇ ಅಲ್ಲ. ವೈದ್ಯರ ಚೀಟಿ ಇತ್ತು, ಪರೀಕ್ಷೆ ಇತ್ತು, ನಿಗಾ ಇತ್ತು. ಹನ್ನೆರಡು ವಾರಕ್ಕೆ ಮುಗಿಯುವ, ಬಿಸಿಲಿಗೆ ಬೇಗ ಕೆಡದ ಮಾತ್ರೆಯಾದ್ದರಿಂದ ಈ ಏರ್ಪಾಟು ಸಾಧ್ಯವೂ ಆಯಿತು. ತಂಪಿನಲ್ಲಿ ಕಾಪಾಡಬೇಕಾದ ಚುಚ್ಚುಮದ್ದಿಗೆ, ಅಥವಾ ಪ್ರಮಾಣ ಎಳ್ಳಷ್ಟು ಹೆಚ್ಚುಕಡಿಮೆಯಾದರೂ ಅಪಾಯ ತರುವ ವಾರ್ಫರಿನ್, ಅಪಸ್ಮಾರದ ಮಾತ್ರೆಗಳಂಥವಕ್ಕೆ ಇದೇ ಧೈರ್ಯ ಹೇಳಲಾಗದು.

ಇಷ್ಟು ಎಚ್ಚರಿಕೆ ಬೇಕಾದ ಪದ್ಧತಿಯನ್ನು ಒಂದು ದೇಶ ತನ್ನ ಆರೋಗ್ಯ ನೀತಿಯನ್ನಾಗಿ ಮಾಡಿಕೊಳ್ಳಬಹುದೇ? ಆಗದು ಎಂಬುದು ನನ್ನ ಉತ್ತರ. ತಯಾರಕ ಯಾರು, ಅಂಗಡಿ ನಿಜವೋ ಸುಳ್ಳೋ, ಬ್ಯಾಚು ಯಾವುದು ಎಂದು ತಿಳಿಯುವುದು ಸರ್ಕಾರದ ಕೆಲಸ. ಇಲ್ಲಿ ಅದು ಕಾಯಿಲೆಬಿದ್ದವನ ಹೆಗಲೇರುತ್ತದೆ. ಓದುಬರಹ, ಕ್ರೆಡಿಟ್ ಕಾರ್ಡು, ಬಿಡುವು, ಪಾಸ್‌ಪೋರ್ಟು ಇದ್ದವನು ದಾಟುತ್ತಾನೆ. ದಿನಗೂಲಿಯವನು, ಒಂಟಿ ಮುದುಕಿ ಈಚೆ ದಡದಲ್ಲೇ ಉಳಿಯುತ್ತಾರೆ. ದೇಶದೇಶಗಳ ನಡುವಿನ ಲೆಕ್ಕವೂ ಕೂಡುವುದಿಲ್ಲ. ಸುಮಾರು 4 ಕೋಟಿ ಜನರಿರುವ ಕೆನಡಾ 33 ಕೋಟಿ ಮೀರಿದ ಅಮೆರಿಕಕ್ಕೆ ಔಷಧಿ ಒದಗಿಸಲಾರದು. ತನ್ನ ಜನಕ್ಕೆ ಕೊರತೆ ತರಬಹುದಾದ ಸಗಟು ರವಾನೆಗೆ ಅದು 2020ರ ನವೆಂಬರ್‌ನಲ್ಲಿ ತಡೆ ಹಾಕಿತು. ಅಮೆರಿಕದ ಸಂಸತ್ತು ಆಮದಿಗೆ ದಾರಿ ಮಾಡುವ ಕಾಯ್ದೆಯನ್ನು 2000ದಲ್ಲೇ ಮಾಡಿತ್ತು. ಕೆನಡಾದಿಂದ ತರಿಸಲು ಮೊದಲ ರಾಜ್ಯವಾಗಿ ಫ್ಲಾರಿಡಾಕ್ಕೆ ಒಪ್ಪಿಗೆ ಸಿಕ್ಕಿದ್ದು 2024ರ ಜನವರಿಯಲ್ಲಿ. ಮನೆಯ ಬಾವಿ ತೋಡುವುದನ್ನು ಬಿಟ್ಟು ಪಕ್ಕದ ಮನೆಯ ಹಗ್ಗಕ್ಕೆ ಇಪ್ಪತ್ತನಾಲ್ಕು ವರ್ಷ ಕಾದಂತಾಯಿತು.

ಹಾಗಾದರೆ ಗಡಿ ದಾಟಿದವರ ಶ್ರಮ ವ್ಯರ್ಥವೇ? ಅಲ್ಲ ಎಂಬುದಕ್ಕೆ ಚೀನಾದ ಲು ಯೋಂಗ್ ಪ್ರಕರಣ ನಿದರ್ಶನ. ರಕ್ತದ ಕ್ಯಾನ್ಸರ್‌ಗೆ ತಿಂಗಳಿಗೆ 23,500 ಯುವಾನ್ ತೆತ್ತು ಗ್ಲಿವೆಕ್ ಮಾತ್ರೆ ನುಂಗುತ್ತಿದ್ದ ಆತ 2004ರಲ್ಲಿ ಭಾರತದ ಜೆನೆರಿಕ್ ಕಂಡುಕೊಂಡು, ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ದಾರಿ ತೋರಿದರು. ದೇಶದಲ್ಲಿ ಅನುಮತಿಯಿಲ್ಲದ ಔಷಧಿಯೆಲ್ಲ ನಕಲಿ ಎನ್ನುತ್ತಿದ್ದ ಕಾನೂನು ಅವರ ಮೇಲೆ ಮೊಕದ್ದಮೆ ಹೂಡಿತು. ರೋಗಿಗಳು ಅವರ ಪರ ಸಹಿ ಹಾಕಿ ಮನವಿ ಕೊಟ್ಟರು, 2015ರ ಜನವರಿಯಲ್ಲಿ ಮೊಕದ್ದಮೆ ಬಿದ್ದುಹೋಯಿತು. ಅವರ ಬದುಕಿನ ಆಧಾರದ ಮೇಲೆ 2018ರಲ್ಲಿ ಬಂದ ಸಿನಿಮಾ ದೇಶವನ್ನೇ ಕಲಕಿತು. 2019ರಲ್ಲಿ ಚೀನಾ ಕಾನೂನು ತಿದ್ದಿ, ಬೇರೆ ದೇಶದಲ್ಲಿ ಅನುಮತಿ ಪಡೆದ ಔಷಧಿಯನ್ನು ನಕಲಿ ಎಂದು ಕರೆಯುವುದನ್ನು ಕೈಬಿಟ್ಟಿತು. ಅಮೆರಿಕದಲ್ಲಿಯೂ ವಿಂಡ್ಸರ್‌ಗೆ ಹೋದಂಥ ಬಸ್ಸುಗಳು ಬೆಲೆಯ ಅನ್ಯಾಯವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಿದವು. 2023ರಿಂದ ಅಲ್ಲಿನ ಹಿರಿಯ ನಾಗರಿಕರ ಮೆಡಿಕೇರ್ ವಿಮೆಯಲ್ಲಿ ಇನ್ಸುಲಿನ್ನಿಗೆ ತಿಂಗಳಿಗೆ 35 ಡಾಲರಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಮನೆಯಲ್ಲೇ ಬೆಲೆ ಇಳಿದರೆ ಗಡಿ ದಾಟುವ ಅಗತ್ಯ ತಾನಾಗಿ ಕರಗುತ್ತದೆ.

ಭಾರತ ಈ ಕಥೆಯಲ್ಲಿ ಅಗ್ಗದ ಅಂಗಡಿಯಾದದ್ದು ಆಕಸ್ಮಿಕವಲ್ಲ. 1970ರ ಪೇಟೆಂಟ್ ಕಾಯ್ದೆ, ಹಳೆಯ ಔಷಧಿಗೆ ಚಿಕ್ಕ ಬದಲಾವಣೆ ಮಾಡಿ ಹೊಸ ಪೇಟೆಂಟ್ ಕೇಳುವುದನ್ನು ತಡೆಯುವ 3(ಡಿ) ಕಲಮು, ಆ ಕಲಮನ್ನು ಗ್ಲಿವೆಕ್ ಪ್ರಕರಣದಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2013ರ ತೀರ್ಪು, ಇವು ಕಟ್ಟಿದ ನೆಲೆ ಅದು. 2025ರ ಅಕ್ಟೋಬರ್‌ನಲ್ಲಿ ನ್ಯಾಯಾಲಯಗಳು ಜೆನೆರಿಕ್ಕನ್ನು ತಡೆಯಲು ಒಪ್ಪದೆ ಹೋದದ್ದರಿಂದ, ಸ್ನಾಯು ಕ್ಷೀಣಿಸುವ ಎಸ್‌ಎಂಎ ಕಾಯಿಲೆಯ ರಿಸ್ಡಿಪ್ಲಾಮ್ ಔಷಧಿ ಬಾಟಲಿಗೆ ಸುಮಾರು 6 ಲಕ್ಷ ರೂಪಾಯಿಯಿಂದ 15,900 ರೂಪಾಯಿಗೆ ಇಳಿಯಿತು. ಊರಿಗೆ ಬಂದು ಹೋಗುವಾಗ ಸೂಟ್‌ಕೇಸಿನಲ್ಲಿ ಮಾತ್ರೆ ತುಂಬಿಕೊಂಡು ವಿದೇಶಕ್ಕೆ ಮರಳುವ ಕನ್ನಡಿಗರೂ ಈ ನೆಲೆಯ ಫಲಾನುಭವಿಗಳೇ. ಅವರಲ್ಲಿ ಒಂದು ವಿನಂತಿ. ವೈದ್ಯರ ಚೀಟಿ ಜೊತೆಗಿರಲಿ, ಕಂಪನಿಯಿಟ್ಟ ಹೆಸರನ್ನು ನಂಬದೆ ಔಷಧಿಯ ಮೂಲ ಹೆಸರನ್ನು ಬರೆದುಕೊಳ್ಳಿ, ಏನು ನುಂಗುತ್ತಿದ್ದೀರೆಂದು ಅಲ್ಲಿನ ವೈದ್ಯರಿಗೂ ತಿಳಿಸಿ. ಸೂಟ್‌ಕೇಸು ಒಂದು ಮನೆಯನ್ನು ಕಾಪಾಡುತ್ತದೆ, ಕಾನೂನು ಊರನ್ನೇ ಕಾಪಾಡುತ್ತದೆ. ವ್ಯಾಪಾರ ಒಪ್ಪಂದಗಳ ಹೆಸರಿನಲ್ಲಿ 3(ಡಿ) ಕಲಮನ್ನು ಸಡಿಲಿಸುವ ಮಾತು ಬಂದಾಗಲೆಲ್ಲ ಅದನ್ನು ಗಟ್ಟಿಯಾಗಿ ವಿರೋಧಿಸುವುದು ಇಲ್ಲಿರುವ ನಮ್ಮೆಲ್ಲರ ಹೊಣೆ.